ಎಬೆನೆಜೆರ್, ಈಕಾಬೋದ್, ಕಾಲೇಬ: ಅಮೆರಿಕದ ವಲಸೆಗಾರರು ಗಂಡುಮಕ್ಕಳಿಗಿಟ್ಟ ಹೆಸರುಗಳು

ಮಕ್ಕಳ ದೀಕ್ಷಾಸ್ನಾನದ ವಿಧಿಯಲ್ಲಿ ಗುರುವು ತಂದೆತಾಯಿಯರನ್ನು ಕೇಳುವ ಮೊದಲ ಪ್ರಶ್ನೆ ಹೆಸರಿನದು. ಅದಕ್ಕೆ ಉತ್ತರವಾಗಿ ಕೇಲಬ್, ಎಲೈಜಾ, ಎಜ್ರಾ ಎಂಬ ಹೆಸರುಗಳು ನಮ್ಮ ನಗರಗಳ ಧರ್ಮಕೇಂದ್ರಗಳಲ್ಲೂ ಈಗ ಕೇಳಿಬರುವುದುಂಟು. ಹೆಸರು ಹೀಬ್ರೂವಿನದು, ಉಚ್ಚಾರ ಇಂಗ್ಲಿಷಿನದು. ಅದನ್ನು ಮನೆಮಾತಾಗಿಸಿದವರಲ್ಲಿ ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಅಮೆರಿಕದಲ್ಲಿ ನೆಲೆಸಿದ ವಲಸೆಗಾರರು ಪ್ರಮುಖರು. ಈ ಚರಿತ್ರೆಯನ್ನು ಬಿಟ್ಟು, ಪಟ್ಟಿಯಲ್ಲಿ ಕಂಡ ಅರ್ಥವೊಂದನ್ನೇ ಹೇಳಿ ಮುಗಿಸುವ ಪ್ರಬೋಧನೆ ಅರ್ಧ ಪ್ರಬೋಧನೆ.

ಹೆಸರಿನ ವಿಷಯದಲ್ಲಿ ಪಶ್ಚಿಮದ ಕ್ರೈಸ್ತರು ಹದಿನಾರನೆಯ ಶತಮಾನದಲ್ಲಿ ಎರಡು ದಾರಿ ಹಿಡಿದರು. ಟ್ರೆಂಟ್ ಮಹಾಸಭೆಯ ತರುವಾಯ 1566ರಲ್ಲಿ ಪ್ರಕಟವಾದ ರೋಮನ್ ಧರ್ಮೋಪದೇಶ ಗ್ರಂಥವು ಮಗುವಿಗೆ ಸಂತರೊಬ್ಬರ ಹೆಸರಿಡುವಂತೆ ಬೋಧಿಸಿತು. ಅದಕ್ಕೆ ಮುನ್ನವೇ, 1546ರಲ್ಲಿ, ಕ್ಯಾಲ್ವಿನನ ಜಿನೀವಾ ನಗರವು ಕ್ಲೋಡ್ ಮುಂತಾದ ಜನಪ್ರಿಯ ಸಂತನಾಮಗಳನ್ನು ನಿಷೇಧಿಸಿತ್ತು. 1560ರ ಜಿನೀವಾ ಬೈಬಲಿನಲ್ಲಿ ಪವಿತ್ರಗ್ರಂಥದ ಅಂಕಿತನಾಮಗಳೂ ಅವುಗಳ ಅರ್ಥಗಳೂ ಇರುವ ಕೋಷ್ಟಕವೊಂದನ್ನು ಸೇರಿಸಲಾಗಿತ್ತು. ಇಂಗ್ಲೆಂಡಿನ ಪ್ಯೂರಿಟನ್ನರು ಸಾಗರ ದಾಟಿದಾಗ ಈ ಬೈಬಲೂ ಅವರೊಂದಿಗೆ ದಾಟಿತು.

1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ ವಿಲಿಯಂ ಬ್ರೂಸ್ಟರನ ಇಬ್ಬರು ಗಂಡುಮಕ್ಕಳ ಹೆಸರು ಲವ್ ಮತ್ತು ರೆಸ್ಲಿಂಗ್: ಒಬ್ಬ ಪ್ರೀತಿ, ಇನ್ನೊಬ್ಬ ಸೆಣಸಾಟ. ಎರಡನೆಯದು ಆದಿಕಾಂಡ 32ರಲ್ಲಿ ಯಕೋಬನು ರಾತ್ರಿಯಿಡೀ ನಡೆಸಿದ ಸೆಣಸಾಟವನ್ನು ನೆನಪಿಗೆ ತರುತ್ತದೆ. ಹಡಗು ಕೇಪ್ ಕಾಡ್ ಬಳಿ ನಿಂತಿದ್ದಾಗ ಹುಟ್ಟಿದ ಮಗು ಪೆರೆಗ್ರಿನ್ ವೈಟ್. ಲತೀನಿನಲ್ಲಿ ಪರದೇಶಿ, ಯಾತ್ರಿಕ ಎಂದರ್ಥ. 1639ರಲ್ಲಿ ಹುಟ್ಟಿದ ಇನ್‌ಕ್ರೀಸ್ ಮೇದರನ ಹೆಸರು ‘ವೃದ್ಧಿ’ ಎಂಬುದು ‘ಅವನು ಹೆಚ್ಚಿಸಲಿ’ ಎಂಬರ್ಥದ ಯೋಸೇಫನ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿದಂತಿದೆ.

ಇವು ವಿರಳ. ಹೆಚ್ಚು ಬಳಕೆಯಲ್ಲಿದ್ದವು ದೇವರ ಹೆಸರನ್ನೇ ಒಳಗಿಟ್ಟುಕೊಂಡ ಹೀಬ್ರೂ ನಾಮಗಳು. ಇಂಗ್ಲಿಷಿನ ಹೆಜಕಾಯಾ, ಜೊಸಾಯಾ, ಒಬಡಾಯಾ ನಮ್ಮ ಬೈಬಲಿನ ಹಿಜ್ಕೀಯ, ಯೋಷೀಯ, ಓಬದ್ಯರೇ. ಕೊನೆಯ ‘ಯಾ’ ಎಂಬುದು ನಾವು ಸರ್ವೇಶ್ವರ ಎಂದು ಓದುವ ಆ ನಾಮದ ಕಿರುರೂಪ. ಹಿಜ್ಕೀಯನೆಂದರೆ ಸರ್ವೇಶ್ವರನು ಬಲಪಡಿಸುತ್ತಾನೆ. ಓಬದ್ಯನೆಂದರೆ ಅವನ ದಾಸ. ಗ್ರೀಕ್, ಲತೀನ್ ದಾಟಿ ಬಂದ ಇಂಗ್ಲಿಷ್ ರೂಪಕ್ಕಿಂತ ಕನ್ನಡದ ರೂಪವೇ ಮೂಲಕ್ಕೆ ಹತ್ತಿರವೆಂಬುದನ್ನು ನಮ್ಮ ಗುರುವಿದ್ಯಾರ್ಥಿಗಳು ಗಮನಿಸಬೇಕು.

ಎಬೆನೆಜೆರ್ ಎಂಬ ಹೆಸರಿನಲ್ಲಿ ಸ್ವಲ್ಪ ನಿಲ್ಲಬೇಕು. ಬೈಬಲಿನಲ್ಲಿ ಅದು ಮನುಷ್ಯನ ಹೆಸರೇ ಅಲ್ಲ, ‘ಸಹಾಯದ ಕಲ್ಲು’. 1 ಸಮುವೇಲ 4ರಲ್ಲಿ ಇಸ್ರಯೇಲರು ಎಬೆನೆಜೆರಿನ ಬಳಿ ಪಾಳೆಯ ಹೂಡಿ ಸೋಲುತ್ತಾರೆ. ಮಂಜೂಷವು ಫಿಲಿಷ್ಟಿಯರ ವಶವಾಗುತ್ತದೆ. ಸುದ್ದಿ ಕೇಳಿ ವೃದ್ಧ ಏಲಿಯು ಸಾಯುತ್ತಾನೆ. ಅವನ ಸೊಸೆ ಸಾಯುವ ಹೊತ್ತಿಗೆ ಹೆತ್ತ ಮಗುವಿಗೆ ಈಕಾಬೋದ್, ಅಂದರೆ ಮಹಿಮೆ ಇಲ್ಲ, ಎಂದು ಹೆಸರಿಡುತ್ತಾಳೆ. ಏಳನೆಯ ಅಧ್ಯಾಯದಲ್ಲಿ ಸಮುವೇಲನು ಜಯದ ಕಲ್ಲನ್ನು ನೆಟ್ಟು ಅದಕ್ಕಿಡುವ ಹೆಸರು, ಸೋಲಿನ ಕಥೆಯಲ್ಲಿ ನಾವು ಕೇಳಿದ ಅದೇ ಎಬೆನೆಜೆರ್. ದೇವರ ಸಹಾಯವನ್ನು ಸೋಲಿನ ನೆನಪಿನಿಂದ ಬೇರ್ಪಡಿಸಿ ಓದಲು ಪವಿತ್ರಗ್ರಂಥವು ಬಿಡುವುದಿಲ್ಲ. ವಲಸೆಗಾರರು ಈಕಾಬೋದ್ ಎಂಬ ಹೆಸರನ್ನೂ ಮಕ್ಕಳಿಗಿಟ್ಟರು. ಪಟ್ಟಿಯಿಂದ ಅರ್ಥ ಹುಡುಕುವ ಇಂದಿನ ತಂದೆತಾಯಿಯರಾರೂ ಅದನ್ನು ಆರಿಸಲಾರರು.

ಎಬೆನೆಜೆರಿನಲ್ಲಿರುವ ‘ಎಜೆರ್’ ಧಾತುವೇ ಎಜ್ರನಲ್ಲೂ ಎಲಿಯಾಜರನಲ್ಲೂ, ಅದರ ಗ್ರೀಕ್ ರೂಪವಾದ ಲಾಜರನಲ್ಲೂ ಇದೆ. 1745ರಲ್ಲಿ ಲಾಜರ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದು, 2022ರ ಮೇ 15ರಂದು ಸಂತಪದವಿಗೇರಿದ ತಿರುವಾಂಕೂರಿನ ದೇವಸಹಾಯಂ ಪಿಳ್ಳೈ ಅವರ ಹೆಸರು ಆ ಧಾತುವಿನ ನೇರ ಅನುವಾದ. ಹೀಗೆ ನೋಡಿದರೆ ಎಬೆನೆಜೆರನೂ ದೇವಸಹಾಯನೂ ದಾಯಾದಿಗಳು.

ಜೆಡಿಡಾಯಾ ಎಂಬುದು ಯೆದೀದ್ಯ, ‘ಸರ್ವೇಶ್ವರನ ಪ್ರಿಯ’. ದಾವೀದನ ಪಾಪದ ಬಳಿಕ, ಮೊದಲ ಮಗುವಿನ ಮರಣದ ಬಳಿಕ ಹುಟ್ಟಿದ ಸೊಲೊಮೋನನಿಗೆ ಪ್ರವಾದಿ ನಾತಾನನ ಮೂಲಕ ಬಂದ ಹೆಸರದು (2 ಸಮುವೇಲ 12:25). 1826ರಲ್ಲಿ ಮೊಹಾವೆ ಮರುಭೂಮಿಯನ್ನು ಹಾದು ಕ್ಯಾಲಿಫೋರ್ನಿಯ ತಲಪಿದ ಜೆಡಿಡಾಯಾ ಸ್ಮಿತ್ ಈ ಹೆಸರಿನವರಲ್ಲಿ ಪ್ರಸಿದ್ಧ.

ಕಾಲೇಬನ ಹೆಸರು ಹೆಚ್ಚು ತೊಡಕಿನದು. ಪಟ್ಟಿಗಳು ‘ನಂಬಿಗಸ್ತ’ ಎನ್ನುತ್ತವೆ. ಹೀಬ್ರೂ ವ್ಯಂಜನಗಳಾದರೋ ‘ನಾಯಿ’ ಎಂಬ ಪದದವೇ. ನಂಬಿಗಸ್ತಿಕೆ ಕಥೆಯಿಂದ ಬಂದುದು (ಸಂಖ್ಯಾಕಾಂಡ 14:24). ವಾಗ್ದತ್ತ ನಾಡನ್ನು ಕಂಡು, ಅದನ್ನು ಗೆಲ್ಲಬಹುದೆಂದವನು ಕಾಲೇಬ. ಹೊಸನೆಲಕ್ಕೆ ಬಂದವರಿಗೆ ಆ ಹೆಸರು ಹಿಡಿಸಿದ್ದು ಸಹಜ, ಅಪಾಯಕರವೂ ಹೌದು. ತಾವು ಇಸ್ರಯೇಲರಾದರೆ ಅಲ್ಲಿನ ಮೂಲನಿವಾಸಿಗಳು ಕಾನಾನ್ಯರಾಗಬೇಕಲ್ಲ! 1637ರಲ್ಲಿ ಮಿಸ್ಟಿಕ್ ಎಂಬಲ್ಲಿ ಪೀಕ್ವಾಟ್ ಜನರ ಕೋಟೆಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳೆನ್ನದೆ ನೂರಾರು ಮಂದಿಯನ್ನು ಕೊಂದದ್ದನ್ನು ದಳಪತಿ ಜಾನ್ ಅಂಡರ್‌ಹಿಲ್ ದಾವೀದನ ಯುದ್ಧಗಳನ್ನು ಮುಂದಿಟ್ಟು ಸಮರ್ಥಿಸಿದನು. ಮುನ್‌ಸೂಚಕ ವ್ಯಾಖ್ಯಾನವು ಕ್ರಿಸ್ತನಲ್ಲಿ ನೆಲೆಗೊಳ್ಳದೆ ನೇರವಾಗಿ ಒಂದು ಜನಾಂಗಕ್ಕೆ ಅಂಟಿಕೊಂಡರೆ ಆಗುವುದಿದು. ಅದೇ ನಾಡಿನಲ್ಲಿ, 1665ರಲ್ಲಿ, ಹಾರ್ವರ್ಡಿನಿಂದ ಪದವಿ ಪಡೆದ ಮೊದಲ ಮೂಲನಿವಾಸಿ ಯುವಕನ ಹೆಸರೂ ಕೇಲಬ್: ವಾಂಪನೋಗ್ ಜನಾಂಗದ ಕೇಲಬ್ ಚೀಷಾಟೋಮಕ್. ಮರುವರ್ಷವೇ ಅವನು ತೀರಿಕೊಂಡನು. ‘ಕಾನಾನ್ಯ’ನೆನಿಸಿಕೊಂಡವನೇ ಕಾಲೇಬನಾದುದು ಆ ವ್ಯಾಖ್ಯಾನಕ್ಕೆ ಚರಿತ್ರೆ ಕೊಟ್ಟ ಉತ್ತರವೆಂದು ನನಗೆ ತೋರುತ್ತದೆ.

ಕಾಲಕ್ರಮೇಣ ಈ ಹೆಸರುಗಳು ಮಾಸಿದವು. ವಾಷಿಂಗ್ಟನ್ ಇರ್ವಿಂಗನ ಕಥೆ ಈಕಾಬೋದನನ್ನು ನಗೆಪಾಟಲಿನ ಉಪಾಧ್ಯಾಯನನ್ನಾಗಿಸಿತು. 1843ರಲ್ಲಿ ಡಿಕನ್ಸನು ಎಬೆನೆಜೆರನನ್ನು ಜಿಪುಣನನ್ನಾಗಿಸಿದನು. ಸಂತರ ಹೆಸರು ಬೇಡವೆಂದವರ ಪೀಳಿಗೆಯೇ ಮಕ್ಕಳಿಗೆ ಲೂಥರ್, ಕ್ಯಾಲ್ವಿನ್, ವೆಸ್ಲಿ ಎಂದು ಹೆಸರಿಟ್ಟಿತು. ಹಿರಿಯರ ಸ್ಮರಣೆಯಿಲ್ಲದೆ ಸಭೆ ಬಾಳದು.

ನಮ್ಮ ಪಾಲನಾಕಾರ್ಯಕ್ಕೆ ಬಂದರೆ, 1983ರ ಧರ್ಮಸಭೆಯ ಕಾನೂನು ಸಂಹಿತೆಯ 855ನೆಯ ವಿಧಿಯು ಸಂತರ ಹೆಸರನ್ನೇ ಇಡಬೇಕೆಂದು ಕಡ್ಡಾಯಪಡಿಸುವುದಿಲ್ಲ. ಕ್ರೈಸ್ತ ಭಾವಕ್ಕೆ ಪರಕೀಯವಾದ ಹೆಸರನ್ನು ಇಡದಂತೆ ತಂದೆತಾಯಿಯರೂ ಜ್ಞಾನಪೋಷಕರೂ ಧರ್ಮಕೇಂದ್ರದ ಗುರುವೂ ನೋಡಿಕೊಳ್ಳಬೇಕೆನ್ನುತ್ತದೆ. ಮಗನಿಗೆ ಕೇಲಬ್ ಎಂದು ಹೆಸರಿಡಬಯಸುವ ದಂಪತಿ ಬಂದಾಗ ಅಡ್ಡಿಪಡಿಸಬೇಕಿಲ್ಲ. ದೀಕ್ಷಾಸ್ನಾನಕ್ಕೆ ಮುಂಚಿನ ಸಿದ್ಧತೆಯ ದಿನ ಸಂಖ್ಯಾಕಾಂಡದ 13 ಮತ್ತು 14ನೆಯ ಅಧ್ಯಾಯಗಳನ್ನು ಅವರೊಡನೆ ಕೂತು ಓದುವುದು, ಹಾರ್ವರ್ಡಿನ ಆ ಯುವಕನ ಕಥೆಯನ್ನೂ ಹೇಳುವುದು ಒಳ್ಳೆಯದು. ಅರ್ಧ ಗಂಟೆ ಸಾಕು.