ತೃಪ್ತಿಯ ಮನೆಯಲ್ಲಿ ಹುಟ್ಟಿದ ದುಃಖ

ಆಂಗ್ಲಭಾಷೆಯ ಮೊದಲ ಪಾಠಗಳಲ್ಲಿಯೇ ನಮ್ಮ ಮಕ್ಕಳು ಕಲಿಯುವ ಮೂರಕ್ಷರದ ಪದವೊಂದುಂಟು: ‘ಸ್ಯಾಡ್’. ಪಕ್ಕದಲ್ಲಿ ‘ದುಃಖಿತ’ ಎಂದು ಬರೆದುಕೊಂಡು ಮುಂದಕ್ಕೆ ಸಾಗುತ್ತಾರೆ. ಆದರೆ ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ಕಣ್ಣೀರಿನ ಸೋಂಕೇ ಇರಲಿಲ್ಲವೆಂದರೆ ವಾಚಕರಿಗೆ ಅಚ್ಚರಿಯಾದೀತು. ಅಂದು ಅದರ ಅರ್ಥ ಹೊಟ್ಟೆತುಂಬಿದವನು, ಉಂಡು ತಣಿದವನು!

ಇದರ ಜ್ಞಾತಿಗಳು ಇನ್ನೂ ಹಳೆಯ ಅರ್ಥದಲ್ಲಿಯೇ ಬಾಳುತ್ತಿವೆ. ಊಟ ಮುಗಿಸಿದ ಜರ್ಮನನು ತಾನು ‘ಜಟ್’ ಎನ್ನುತ್ತಾನೆ. ಹೊಟ್ಟೆ ತುಂಬಿತೆಂದು ಅದರ ಭಾವ. ಲ್ಯಾಟಿನ್ನಿನಲ್ಲಿ ‘ಸಟಿಸ್’ ಎಂದರೆ ಸಾಕಷ್ಟು. ಅದರಿಂದಲೇ ‘ಸ್ಯಾಟಿಸ್‌ಫ್ಯಾಕ್ಷನ್’ ಬಂದಿತು. ಸಂತೃಪ್ತಿಗೂ ಸಂತಾಪಕ್ಕೂ ಹೀಗೆ ದಾಯಾದಿ ಸಂಬಂಧ.

ತಣಿದವನು ಅಳುವವನಾದುದು ಹೇಗೆ? ಕನ್ನಡಿಗನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಎಲೆಯ ಮುಂದೆ ಕುಳಿತು ಪಾಯಸಕ್ಕೆ ಕೈ ಅಡ್ಡಹಿಡಿದು ‘ಸಾಕು’ ಎನ್ನುತ್ತೇವೆ. ಸಂಸಾರದ ಜಂಜಾಟದಲ್ಲಿ ನಿಟ್ಟುಸಿರಿಟ್ಟು ‘ಸಾಕಾಗಿಹೋಯಿತು’ ಎಂದೂ ಹೇಳುತ್ತೇವೆ. ಮೊದಲನೆಯದು ತೃಪ್ತಿ, ಎರಡನೆಯದು ಬೇಸರ. ಇಂಗ್ಲಿಷ್ ಪದವೂ ಇದೇ ಮೆಟ್ಟಿಲುಗಳನ್ನು ಇಳಿಯಿತು. ತುಂಬಿದ್ದು ಭಾರವಾಯಿತು, ಭಾರವಾದದ್ದು ಅಲುಗದೆ ನಿಂತಿತು, ಅಲುಗದವನು ಗಂಭೀರನೆನಿಸಿದನು, ಗಾಂಭೀರ್ಯವು ಮೆಲ್ಲಗೆ ದುಗುಡಕ್ಕೆ ತಿರುಗಿತು.

ನಡುವಣ ಮೆಟ್ಟಿಲನ್ನು ಕಾಣಬೇಕಾದರೆ 14ನೆಯ ಶತಮಾನದ ಕವಿ ಛಾಸರನ ಗ್ರಿಸೆಲ್ಡಾಳ ಕಥೆಯನ್ನು ಓದಬೇಕು. ಬಡವರ ಮನೆಯ ಈ ಹೆಣ್ಣನ್ನು ಮದುವೆಯಾದ ಪ್ರಭುವು ಅವಳ ತಾಳ್ಮೆಯನ್ನು ಪರೀಕ್ಷಿಸುವುದಕ್ಕೆಂದು ಮೊದಲು ಮಗಳನ್ನು, ಅನಂತರ ಮಗನನ್ನು ಕಿತ್ತುಕೊಳ್ಳುತ್ತಾನೆ. ಕೊಲ್ಲಿಸಿದೆನೆಂಬ ಭ್ರಮೆಯನ್ನೂ ಹುಟ್ಟಿಸುತ್ತಾನೆ. ಕೊನೆಗೆ ಅವಳನ್ನೇ ತವರಿಗೆ ಅಟ್ಟುತ್ತಾನೆ. (ಎಂತಹ ಗಂಡನೋ! ಕಡೆಯಲ್ಲಿ ಮಕ್ಕಳನ್ನು ಮರಳಿ ಕೊಟ್ಟನೆಂಬುದರಿಂದ ಅವನ ಮೇಲೆ ನಮ್ಮ ಕೋಪ ತಗ್ಗುವುದಿಲ್ಲ.) ಇಂತಹ ತಾಯಿಯನ್ನು ಛಾಸರನು ‘ಸ್ಯಾಡ್’ ಎಂದು ಕರೆಯುತ್ತಾನೆ. ಇಂದಿನ ಓದುಗನು ಸಹಜವಾಗಿಯೇ ‘ಪಾಪ, ದುಃಖಿನಿ’ ಎಂದುಕೊಳ್ಳುವನು. ಕವಿಯು ಹೇಳುತ್ತಿರುವುದು ಅದಲ್ಲ. ಅವಳು ಅಚಲೆ, ದೃಢಚಿತ್ತೆ. ಗಂಡನು ಎಷ್ಟು ಕುಟುಕಿದರೂ ಕದಲದವಳು. ಅವಳ ಶಕ್ತಿಯನ್ನು ಹೊಗಳಿದ ಮಾತನ್ನೇ ನಾವು ಅವಳ ದೈನ್ಯವೆಂದು ತಿಳಿದುಬಿಡುತ್ತೇವೆ.

‘ಭಾರ’ ಎಂಬ ಅರ್ಥವಂತೂ ಮೂಲೆಮೂಲೆಗಳಲ್ಲಿ ಉಳಿದುಕೊಂಡಿತು. ಬಟ್ಟೆಗೆ ಇಸ್ತ್ರಿ ಮಾಡುವ ಗಟ್ಟಿ ಕಬ್ಬಿಣದ ಪೆಟ್ಟಿಗೆಗೆ ಇಂಗ್ಲಿಷಿನವರು ‘ಸ್ಯಾಡ್ ಐರನ್’ ಎಂದರು. ಇಂಗ್ಲೆಂಡಿನ ಉತ್ತರಭಾಗದಲ್ಲಿ ಉಬ್ಬದೆ ಗಟ್ಟಿಯಾಗಿ ಕುಳಿತ ರೊಟ್ಟಿಯೂ ‘ಸ್ಯಾಡ್’. ಅಲ್ಲಿ ದುಃಖವಿದ್ದರೆ ಅದು ತಿನ್ನುವವನದು.

ಶೋಕವನ್ನು ಸೂಚಿಸುವ ‘ಗ್ರೀಫ್’ ಪದದ ಕಥೆಯೂ ತೂಕದ ಕಥೆಯೇ. ಅದು ಫ್ರೆಂಚ್ ಭಾಷೆಯ ಮೂಲಕ ಲ್ಯಾಟಿನ್ನಿನ ‘ಗ್ರಾವಿಸ್’ ಎಂಬುದರಿಂದ ಇಳಿದುಬಂದದ್ದು. ಗ್ರಾವಿಸ್ ಎಂದರೆ ಭಾರವಾದದ್ದು. ಭಾಷಾಶಾಸ್ತ್ರಜ್ಞರು ಅದಕ್ಕೆ ಸೋದರಪದವೆಂದು ತೋರಿಸುವುದು ನಮಗೆಲ್ಲರಿಗೂ ಪರಿಚಿತವಾದ, ಸಂಸ್ಕೃತದ ‘ಗುರು’ ಶಬ್ದವನ್ನು! ಅದರ ಆ ಹಳೆಯ ಅರ್ಥವು ನಮ್ಮ ಛಂದಸ್ಸಿನ ಲಘು-ಗುರುಗಳಲ್ಲಿ ಇಂದಿಗೂ ಹಾಗೆಯೇ ಇದೆ.