ಘಾರಾಪುರಿಯ ಲಾಂಚು

ಮುಂಬಯಿಯ ಬಂದರಿನ ನಡುವೆ ಇರುವ ಘಾರಾಪುರಿಯನ್ನು ಕನ್ನಡದ ವಿದ್ಯಾರ್ಥಿಗಳು ಎರಡು ಕಾರಣಗಳಿಂದ ಬಲ್ಲರು. ಒಂದು, ಅಲ್ಲಿನ ಗುಹಾಲಯದ ಮಹಾಸದಾಶಿವ ಮೂರ್ತಿ; ಇನ್ನೊಂದು, ಕ್ರಿ.ಶ. 634ರ ಐಹೊಳೆ ಶಾಸನ. ಇಮ್ಮಡಿ ಪುಲಕೇಶಿಯು ನೂರಾರು ನಾವೆಗಳೊಡನೆ 'ಪುರಿ'ಯನ್ನು ಮುತ್ತಿದನೆಂದು ರವಿಕೀರ್ತಿ ಆ ಶಾಸನದಲ್ಲಿ ಹೇಳುತ್ತಾನೆ. ಆ ಪುರಿಯೇ ಈ ಘಾರಾಪುರಿ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ರವಿಕೀರ್ತಿ ನಾವೆಗಳನ್ನು ಮದಗಜಗಳಿಗೆ ಹೋಲಿಸಿರುವುದೂ, ದಡದಲ್ಲಿದ್ದ ಕಲ್ಲಾನೆಯನ್ನು ಕಂಡು ಪೋರ್ಚುಗೀಸರು ಈ ದ್ವೀಪಕ್ಕೆ 'ಎಲಿಫಂಟಾ' ಎಂದು ಹೆಸರಿಟ್ಟುದೂ ಕೇವಲ ಆಕಸ್ಮಿಕ. ಆದರೆ ನಾವೆಯಿಲ್ಲದೆ ದ್ವೀಪವನ್ನು ಸೇರಲಾಗದೆಂಬುದು ಅಂದಿನಂತೆ ಇಂದಿಗೂ ನಿಜ. ಇಂದಿನ ನಾವೆ ಎಂದರೆ ಮರದ ಒಡಲಿನ, ಡೀಸೆಲ್ ಎಂಜಿನ್ನಿನ ಲಾಂಚು.

ಗೇಟ್‌ವೇ ಆಫ್ ಇಂಡಿಯಾದಿಂದ ದ್ವೀಪಕ್ಕೆ ಸುಮಾರು 10 ಕಿ.ಮೀ. ದೂರ, ಸುಮಾರು ಒಂದು ಗಂಟೆಯ ಪಯಣ. ಚುಕ್ಕಾಣಿ ಹಿಡಿಯುವವನು ಸಾರಂಗ ಅಥವಾ ತಾಂಡೇಲ; ಎಂಜಿನ್ ನೋಡುವವನು ಡ್ರೈವರ; ಹಗ್ಗ ಎಸೆದು ಕಟ್ಟುವವರು ಖಲಾಸಿಗಳು. ಈ ಸಾರಂಗನಿಗೂ ಜಿಂಕೆಗೂ ಸಂಬಂಧವಿಲ್ಲ. ಅದು ನಾಯಕ ಎಂಬರ್ಥದ ಪಾರಸಿ ಶಬ್ದದಿಂದ ಬಂದುದು. 'ತಾಂಡೇಲ'ವಾದರೋ ಕಾರವಾರದ ಕಡೆ ಮನೆತನದ ಹೆಸರಾಗಿಯೇ ಉಳಿದಿದೆ. ಮುಂಬಯಿಯವರ 'ಧಕ್ಕಾ' ಮಂಗಳೂರಿನಲ್ಲಿ 'ದಕ್ಕೆ'ಯಾಗಿದೆ. ಕರಾವಳಿಯ ಕನ್ನಡಿಗನಿಗೆ ಈ ಕಸುಬಿನ ಮಾತು ಅಷ್ಟೇನೂ ಪರಕೀಯವಲ್ಲ.

ಹಳೆಯ ಕ್ರಮದ ಲಾಂಚುಗಳಲ್ಲಿ ಸಾರಂಗನಿಗೆ ಎಂಜಿನ್ ಕಾಣದು, ಕೆಳಗಿನ ಡ್ರೈವರನಿಗೆ ಸಮುದ್ರ ಕಾಣದು. ಇಬ್ಬರ ನಡುವಿನ ಭಾಷೆ ಗಂಟೆಯ ಸದ್ದು. ದಕ್ಕೆಗೆ ತಾಗಿ ನಿಲ್ಲುವ ಆ ಅರೆ ನಿಮಿಷದಲ್ಲಿ ಈ ಭಾಷೆಯ ಬೆಲೆ ತಿಳಿಯುತ್ತದೆ. ಮುಂಬಯಿಯ ಸಮುದ್ರದಲ್ಲಿ ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ. ಹುಣ್ಣಿಮೆ–ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರಿನ ಮಟ್ಟ 4 ಮೀಟರಿಗೂ ಹೆಚ್ಚು ಏರಿಳಿಯುವುದುಂಟು. ಆದ್ದರಿಂದ ಬೆಳಿಗ್ಗೆ ಮುಳುಗಿದ್ದ ಮೆಟ್ಟಿಲು ಮಧ್ಯಾಹ್ನಕ್ಕೆ ಪಾಚಿ ಹೊತ್ತು ಮೇಲೇಳುತ್ತದೆ. ಲಾಂಚುಗಳು ಒಂದರ ಪಕ್ಕಕ್ಕೊಂದು ನಿಂತಾಗ ಪ್ರಯಾಣಿಕರು ಒಂದನ್ನು ದಾಟಿ ಮತ್ತೊಂದಕ್ಕೆ ಹೋಗಬೇಕು; ಅಲೆ ಎತ್ತಿದ ಕ್ಷಣವನ್ನು ಗುರುತಿಸಿ ಕೈ ನೀಡುವ ಖಲಾಸಿಯ ವಿದ್ಯೆ ಯಾವ ಪರೀಕ್ಷೆಯಲ್ಲೂ ಅಳೆಯುವಂಥದಲ್ಲ. ದ್ವೀಪದ ಕಡೆ ಇಳಿತದಲ್ಲಿ ಕೆಸರು ಬಹುದೂರ ಹರಡುವುದರಿಂದ ಅಲ್ಲಿನ ದಕ್ಕೆಯನ್ನು ಸಮುದ್ರದೊಳಕ್ಕೆ ಉದ್ದವಾಗಿ ಚಾಚಿ ಕಟ್ಟಲಾಗಿದೆ. ಅದರ ಮೇಲೆ ಪ್ರವಾಸಿಗರಿಗಾಗಿ ಪುಟ್ಟ ರೈಲೂ ಇದೆ.

ದಾರಿ ತೆರೆದ ಕಡಲಲ್ಲ, ದಟ್ಟಣೆಯ ಬಂದರು. 1989ರಲ್ಲಿ ನ್ಹಾವಾ ಶೇವಾ ಬಂದರು ಆರಂಭವಾದ ಮೇಲೆ ಭಾರಿ ಸರಕು ಹಡಗುಗಳ ಸಂಚಾರವೂ ಈ ನೀರಿಗೆ ಸೇರಿತು. ಅವು ಥಟ್ಟನೆ ನಿಲ್ಲಲಾರವು. ಸಣ್ಣ ಲಾಂಚೇ ತಗ್ಗಿ ದಾರಿ ಬಿಡಬೇಕು. 2024ರ ಡಿಸೆಂಬರ್ 18ರಂದು ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿಯೊಂದು 'ನೀಲಕಮಲ' ಎಂಬ ಲಾಂಚಿಗೆ ಅಪ್ಪಳಿಸಿ 15 ಜನ ಸತ್ತರು. ಪ್ರಯಾಣಿಕರು ಜೀವರಕ್ಷಕ ಅಂಗಿ ತೊಡಲೇಬೇಕೆಂಬ ಒತ್ತಾಯ ಬಿಗಿಯಾದುದು ಇದರ ನಂತರವೇ.

1987ರಲ್ಲಿ ಗುಹೆಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳನ್ನು ನೋಡಲು ಬಂದವರು ರಾಜಬಂದರ, ಶೇತಬಂದರ, ಮೋರಾಬಂದರ ಎಂಬ ಮೂರು ಹಳ್ಳಿಗಳು ಅಲ್ಲಿವೆಯೆಂಬುದನ್ನು ಗಮನಿಸುವುದು ಕಡಿಮೆ. ಸಮುದ್ರದಡಿಯ ಕೇಬಲ್ಲಿನ ಮೂಲಕ ಆ ಹಳ್ಳಿಗಳಿಗೆ ವಿದ್ಯುತ್ತು ಬಂದುದು 2018ರಲ್ಲಿ. ಗೇಟ್‌ವೇ ಲಾಂಚಿನ ವೇಳಾಪಟ್ಟಿ ಹಳ್ಳಿಗರಿಗಾಗಿ ರೂಪುಗೊಂಡುದಲ್ಲ, ಪ್ರವಾಸಿಗರಿಗಾಗಿ. ದ್ವೀಪದ ಅಂಗಡಿಗಳ ವ್ಯಾಪಾರ ಈ ಲಾಂಚಿನ ಜೊತೆಗೇ ಬಂದು ಅದರ ಜೊತೆಗೇ ಮರಳುತ್ತದೆ. ಸೋಮವಾರ ಗುಹೆಗಳಿಗೆ ರಜೆ. ಅಂದು ಪ್ರವಾಸಿ ಲಾಂಚುಗಳ ಓಡಾಟ ಬಹುಮಟ್ಟಿಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ಯಾವ ದಿನವೂ ಸೋಮವಾರವೇ. ಪ್ರವಾಸಿಗರು ರಾತ್ರಿ ತಂಗುವಂತಿಲ್ಲವಾದ್ದರಿಂದ ಸಂಜೆಯ ಕೊನೆಯ ಲಾಂಚು ಅವರನ್ನೆಲ್ಲ ಹೊತ್ತು ಮರಳುತ್ತದೆ. ಆಮೇಲೆ ಯಾರಿಗಾದರೂ ಹೆರಿಗೆನೋವು ಬಂದರೆ ಊರಿನದೇ ದೋಣಿಯನ್ನು ಹೊರಡಿಸಬೇಕು. ಅದಕ್ಕೂ ಮೊದಲು ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು.