ಮೊಬೈಲಿನೊಳಗೆ ಅಲ್‌ಹಂಬ್ರಾದ ನೆರಳು

ಮಗ್ರಿಬ್ ಕಳೆದು ಚಿಗಟೇರಿಯ ಬಂಧುಗಳ ಮನೆಯಲ್ಲಿ ಕೂತಿದ್ದೆವು. ಹುಡುಗ ಮೊಬೈಲ್ ಬಿಡಲೊಲ್ಲ. ಗದರಿಸೋಣವೆಂದು ಹತ್ತಿರ ಹೋದರೆ ಗುಂಡಿನ ಸದ್ದಿಲ್ಲ. ಪರದೆ ತುಂಬ ಗುಂಬಜ್, ಕಮಾನು. ‘ಉಸ್ತಾದ್, ಗೋಡೆ ತಿರುಗಿಸಿ, ದಾರಿ ಸಿಗುತ್ತೆ’ ಅಂದ. ತಿರುಗಿಸಿದೆವು. ದೂರದೂರದ ಎರಡು ಗೋಡೆಗಳು ಕಣ್ಣಿಗೆ ಒಂದಾಗಿ ಕಂಡವು. ಈಡಾ ಎಂಬ ಪುಟ್ಟ ರಾಜಕುಮಾರಿ ಅದರ ಮೇಲೆ ನಡೆದೇ ಬಿಟ್ಟಳು!

ಆಟದ ಹೆಸರು ‘ಮಾನ್ಯುಮೆಂಟ್ ವ್ಯಾಲಿ’. ಲಂಡನ್ನಿನ ಅಸ್‌ಟೂ ಸಂಸ್ಥೆಯ ಸಣ್ಣ ತಂಡವೊಂದು 2014ರಲ್ಲಿ ಹೊರತಂದದ್ದು. ಅದಕ್ಕೆ ಸ್ಫೂರ್ತಿ ಡಚ್ ಕಲಾವಿದ ಎಶರ್ ಬರೆದ ವಿಚಿತ್ರ ಕಟ್ಟಡಗಳು. ಆ ಎಶರ್ 1922ರಲ್ಲೂ 1936ರಲ್ಲೂ ಸ್ಪೇನಿನ ಅಲ್‌ಹಂಬ್ರಾಕ್ಕೆ ಹೋಗಿದ್ದವರು. ಮುಸ್ಲಿಂ ಕುಶಲಕರ್ಮಿಗಳ ಟೈಲ್ಸ್ ವಿನ್ಯಾಸ ನೋಡಿ ಬೆರಗಾಗಿ ನಕಲು ಬರೆದುಕೊಂಡವರು.

‘ಇದನ್ನೂ ಡಿಲೀಟ್ ಮಾಡಿಸಬೇಕಾ?’ ತಾಯಿ ಕೇಳಿದರು. ಬೇಡ ಅಂದೆವು. ಇಶಾ ಬಾಂಗ್ ಆದಾಗ ಮಾತ್ರ ಫೋನು ಕೆಳಗಿಡಬೇಕು. ಇಟ್ಟ. ಒಂದು ಅಧ್ಯಾಯ ಬಾಕಿಯಿತ್ತು, ನಮಗೂ.